ಕಿಟಕಿ ಅಗಲ ಮಾಡಬೇಡ ಅತ್ತಿಗೆ

ಕೈ ನಿಲ್ಲಿಸಬೇಡ್ರೇ ಹುಡುಗೀರಾ, ಜರ್ದಾಳು ಬೀಜ ಒಡೀತಾನೇ ಕೇಳಿ. ಕರೆಂಟು ಬಂದಾಗ ಬರಲಿ. ಇದು ಕಟ್ಟುಕತೆ ಅಲ್ಲ... ನಮ್ಮ ಚಿಕ್ಕಮ್ಮನ ಮಗಳು ಮೊಹಿರಾಗೆ ಆಗಿದ್ದು. ಇದೇ ಇಸ್ಫರಾ ಊರಲ್ಲಿ, ಇದೇ ಓಣೀಲಿ. ನಂಬದವರು ಎದ್ದು ಹೋಗಬಹುದು. ಆದರೆ ಚಿನಾರ್ ಮರದ ದಾರೀಲಿ ಒಬ್ಬರೇ ಹೋಗಬೇಕು, ನೋಡ್ಕೊಳ್ಳಿ.

ಅವತ್ತು ಮೊಹಿರಾ ನಮ್ಮನೆ ತಂದೂರಿನಲ್ಲಿ ರೊಟ್ಟಿ ಸುಟ್ಟುಕೊಂಡು, ಬಟ್ಟೆಯಲ್ಲಿ ಸುತ್ತಿ ಹೊರಟಳು. ಮಾತಲ್ಲಿ ಹೊತ್ತು ಹೋದದ್ದೇ ಗೊತ್ತಾಗಿರಲಿಲ್ಲ. ಹಿಮ ಬಿದ್ದು ಗಟ್ಟಿಯಾಗಿತ್ತು. ಹೆಜ್ಜೆ ಇಟ್ಟರೆ ಕರಕ್... ಕರಕ್. ಚಿನಾರ್ ಮರದ ಕೆಳಗೆ, ಹಳೇ ಬಾವಿ ಹತ್ತಿರ ಬಂದಾಗ ಹಿಂದಿನಿಂದ ಬೇರೆ ಸದ್ದು. ಇವಳು ನಿಂತಳು. ಅದು ನಿಲ್ಲಲಿಲ್ಲ. ಸರ್ರ್... ಟಪ್. ಸರ್ರ್... ಟಪ್. ಒಂದು ಕಾಲು ಎಳೆದು, ಇನ್ನೊಂದು ಊರಿ ನಡೆಯೋ ಸದ್ದು.

ಅವಳತ್ತೆ ಸನೋಬರ್ ಬೀಬಿ ಲಕ್ವಾ ಹೊಡೆದ ಮೇಲೆ ಹಾಗೇ ನಡೀತಿದ್ದದ್ದು. ಆ ಮುದುಕಿಗೆ ತುತ್ತಿಟ್ಟು, ಬಟ್ಟೆ ಬದಲಿಸಿ, ರಾತ್ರಿಯೆಲ್ಲ ಮಗ್ಗುಲು ತಿರುಗಿಸಿ ಮಲಗಿಸಿದವಳು ಇದೇ ಮೊಹಿರಾ. ಆದರೆ ಅತ್ತೆಯನ್ನ ಮಣ್ಣು ಮಾಡಿ ನಲವತ್ತನೇ ದಿನದ ಊಟವೂ ಮುಗಿದಿತ್ತು.

ಹಿಂದೆ ತಿರುಗಿ ನೋಡದೆ ಮನೆ ಸೇರಿದಳು.

ಅವಳ ಗಂಡ ಸಿಯೋವುಶ್ ರಷ್ಯಾದಲ್ಲಿ, ಯೆಕತೆರಿನ್‌ಬುರ್ಗ್‌ನಲ್ಲಿ, ಕಟ್ಟಡದ ಕೆಲಸಕ್ಕೆ ಹೋಗಿ ಆರು ವರ್ಷ. "ಬರೋ ನವ್ರೂಜ್ ಹಬ್ಬಕ್ಕೆ ಬಂದೇಬಿಡ್ತೀನಿ" ಅನ್ನೋನು. ನವ್ರೂಜ್ ಬರ್ತಿತ್ತು, ಅವನು ಬರ್ತಿರಲಿಲ್ಲ. ಹೆತ್ತ ತಾಯಿ ಸತ್ತಾಗಲೂ ಬರಲಿಲ್ಲ ಪುಣ್ಯಾತ್ಮ. ಇಲ್ಲಿ ಓಣಿಯ ಹೆಂಗಸರು ಇವಳನ್ನ ಬಂಜೆ ಅಂತ ಆಡ್ಕೊಳ್ಳೋರು. ಗಂಡ ಅಲ್ಲಿ, ಇವಳಿಲ್ಲಿ, ಮಗು ಏನು ಮರದಿಂದ ಉದುರುತ್ತಾ? ಎಲುಬಿಲ್ಲದ ನಾಲಿಗೆ, ಹೇಗೆ ಬೇಕಾದ್ರೂ ಹೊರಳುತ್ತೆ. ತವರಿನವರು ಎಷ್ಟೋ ಸಲ ಕರೆದರು. ವಯಸ್ಸಿದೆ, ಬೇರೆ ಮದುವೆ ಮಾಡ್ತೀವಿ, ಬಾ ಅಂದರು. ಅವರು ಬರ್ತೀನಿ ಅಂದಿದ್ದಾರೆ, ಬರ್ತಾರೆ... ಅಂತ ಇವಳದ್ದು ಒಂದೇ ಮಾತು.

ವಾರಕ್ಕೊಮ್ಮೆ ಗಂಡನ ಮುಖ ಕಾಣೋದು ಕಂಪ್ಯೂಟರಿನಲ್ಲಿ. ಪರದೆ ಮೇಲೆ ಒಂದು ಚೌಕ ತೆರ್ಕೊಳ್ಳುತ್ತಲ್ಲ, ಕಿಟಕಿ ಅಂತಾರಲ್ಲ, ಅದರಲ್ಲಿ. ಕರೆ ಜೋಡಿಸಿಕೊಡೋಳು ನಾದಿನಿ ತಹ್ಮಿನಾ. ಆ ಕಿಟಕೀನ ಎರಡೂ ಅಂಚಿನಿಂದ ಒಳಕ್ಕೆ ಎಳೆದು, ಬಾಗಿಲ ಸಂದಿನಷ್ಟು ಕಿರಿದು ಮಾಡಿಡೋಳು. ಅವನ ಮುಖ, ಎರಡು ಭುಜ, ಅಷ್ಟೇ.

"ಕಿಟಕಿ ಅಗಲ ಮಾಡಬೇಡ ಅತ್ತಿಗೆ. ನೆಟ್ ತಡೆಯಲ್ಲ, ಅಣ್ಣನ ಮಾತು ತುಂಡು ತುಂಡಾಗುತ್ತೆ."

ಇವಳು ನಂಬಿದಳು. ಗಂಡನ ಒಂದು ಮಾತೂ ತುಂಡಾಗಬಾರದು ಅಂತ ಮೌಸ್ ಹತ್ತಿರ ಕೈ ಒಯ್ಯುತ್ತಿರಲಿಲ್ಲ. ಆದರೂ ತಹ್ಮಿನಾ ಕರೆ ಜೋಡಿಸಿದ ತಕ್ಷಣ ಮೌಸಿನ ವೈರು ಕಿತ್ತು, ಕೈಯಲ್ಲಿ ಹಿಡಿದುಕೊಂಡೇ ತನ್ನ ಕೋಣೆಗೆ ಹೋಗೋಳು. ಕಿಟಕಿ ಕಿರಿದಾದ್ರೆ ಚಿತ್ರದ ಎರಡೂ ಪಕ್ಕ ಕತ್ತರಿಸಿಹೋಗಿ ನಡುವಿನದ್ದು ಮಾತ್ರ ಉಳಿಯುತ್ತೆ ಅನ್ನೋದು ಪಾಪ, ಇವಳಿಗೇನು ಗೊತ್ತು? ಒಮ್ಮೊಮ್ಮೆ ಅವನ ಕಡೆಯಿಂದ ಮಗು ಅಳೋದು ಕೇಳಿಸೋದು. ಪಕ್ಕದ ಮನೇದು, ಇಲ್ಲಿ ಗೋಡೆ ತೆಳು ಅಂತಿದ್ದ ಸಿಯೋವುಶ್. ಅದನ್ನೂ ನಂಬಿದಳು.

ಆ ರಾತ್ರೀನೂ ಹಾಗೇ ಕೂತಳು. ಒಲೆ ಚಿಟಿಚಿಟಿ ಅಂತಿತ್ತು. ಗಂಡ ಮಾತಾಡ್ತಿದ್ದ. ಅಷ್ಟರಲ್ಲಿ ಕೋಣೆಯೊಳಗೇ... ಸರ್ರ್... ಟಪ್. ಬಂದು ಅವಳ ಬೆನ್ನ ಹಿಂದೆ ನಿಂತಿತು. ಮೊಹಿರಾಗೆ ಕತ್ತು ತಿರುಗಿಸೋ ಧೈರ್ಯ ಬರಲಿಲ್ಲ, ಪರದೇನೇ ನೋಡ್ತಾ ಇದ್ದಳು. ಮೇಜಿನ ಮೇಲೆ ಮೌಸಿಲ್ಲ. ಆದರೂ ಪರದೆ ಮೇಲಿನ ಬಾಣ ಮೆಲ್ಲಗೆ ಸರಿದು ಕಿಟಕಿಯ ಅಂಚಿಗೆ ಹೋಯ್ತು. ಅಂಚು ಮುಟ್ಟಿದ ಕೂಡಲೇ ಅದಕ್ಕೆ ಎರಡು ಮೊನೆ ಬಂತು. ಟಿಕ್. ಕಿಟಕಿ ಅಗಲ ಆಗತೊಡಗಿತು.

ಗಂಡನ ಭುಜದ ಪಕ್ಕ ಮೊದಲು ಒಂದು ಮಂಚದ ಕಾಲು ಕಂಡಿತು. ಆಮೇಲೆ ಹೂವಿನ ರಜಾಯಿ. ಆಮೇಲೆ ಒಬ್ಬ ಹೆಂಗಸು, ಕೂದಲು ಬಿಚ್ಚಿಕೊಂಡು, ಮಡಿಲಲ್ಲಿ ಮಗು ಕೂರಿಸಿಕೊಂಡು ಗಂಜಿ ತಿನ್ನಿಸ್ತಿದ್ದಳು. ಮಗುವಿಗೆ ಸಿಯೋವುಶನದ್ದೇ ಕಿವಿ, ಅವನದ್ದೇ ಹುಬ್ಬು. ಇವಳಿಗೆ ಕಾಣ್ತಿದೆ ಅಂತ ಅವನಿಗೆ ಗೊತ್ತಿಲ್ಲ. ಅವನು ಹೇಳ್ತಾನೇ ಇದ್ದ... ಈ ಸಲ ನವ್ರೂಜ್‌ಗೆ ಖಂಡಿತ ಬರ್ತೀನಿ, ನಮಗೂ ಒಂದು ಮಗು ಆಗಲಿ ಅಂತ.

ಮೊಹಿರಾ ಮಾತು ಮುಗಿಯೋವರೆಗೂ ಕೇಳಿದಳು. ಆಮೇಲೆ ಮೆಲ್ಲಗೆ ಅಂದಳು, "ಮಗುವಿನ ಹೆಸರೇನು?"

ಅವನು ಇವಳ ಮುಖ ನೋಡಿದ. ಆಮೇಲೆ ಅವನ ಕಣ್ಣು ಇವಳ ಭುಜದಾಚೆ ಸರಿಯಿತು... ಅಲ್ಲೇ ನಿಂತುಬಿಟ್ಟಿತು. "ಅಮ್ಮಾ..." ಅಂದ. ಕರೆ ಕಡಿದುಹೋಯ್ತು.

ತಹ್ಮಿನಾ ಬಾಗಿಲಲ್ಲಿ ನಿಂತಿದ್ದಳು, ಮೌಸ್ ಕೈಯಲ್ಲೇ ಇತ್ತು. ಅಗಲವಾದ ಕಿಟಕಿ ನೋಡಿ ಬಿಳಿಚಿಕೊಂಡಳು. ಗೊತ್ತಿತ್ತಾ ಅಂತ ಇವಳು ಕೇಳಿದ್ದಕ್ಕೆ ತಲೆ ತಗ್ಗಿಸಿದಳು.

"ನೀನು ಹೊರಟುಹೋದ್ರೆ ಅಮ್ಮನ್ನ ನೋಡ್ಕೊಳ್ಳೋರು ಯಾರಿದ್ರು ಅತ್ತಿಗೆ?"

"ಅತ್ತೆಗೂ ಗೊತ್ತಿತ್ತಾ?"

"ಗೊತ್ತಿತ್ತು."

ಗಂಡನ ಮೋಸಕ್ಕೆ ಅಳದವಳು ಆ ಒಂದು ಮಾತಿಗೆ ಅತ್ತಳು ನೋಡಿ. ಮೈ ತೊಳೆಸಿಕೊಂಡು, ಅವಳ ಕೈ ತುತ್ತು ತಿಂದುಕೊಂಡು, ಮುದುಕಿ ಎಲ್ಲ ಗೊತ್ತಿದ್ದೂ ಸುಮ್ಮನಿದ್ದಳಲ್ಲ! ಸತ್ತ ಮೇಲೆ ಬಂದು ತೋರಿಸಿದ್ರೆ ಏನು ಬಂತು? ಹೋದ ಆರು ವರ್ಷ ತಿರುಗಿ ಬರುತ್ತಾ? ನನಗೆ ಇವತ್ತಿಗೂ ಆ ಮುದುಕಿ ಮೇಲೆ ಸಿಟ್ಟು ಇಳಿದಿಲ್ಲ.

ಮೊಹಿರಾ ಉಟ್ಟ ಬಟ್ಟೇಲೇ ನನ್ನ ಮನೆಗೆ ಬಂದಳು. ಬೆಳಿಗ್ಗೆ ತವರಿಗೆ ಕಳಿಸಿದ್ವಿ. ಆ ಮನೆ ಹೊಸ್ತಿಲು ಮತ್ತೆ ತುಳಿಯಲಿಲ್ಲ.

ಆದರೆ ಅವಳು ನನ್ನ ಮನೆಗೆ ಬಂದ ಆ ರಾತ್ರೀನೇ ಸಿಯೋವುಶ್ ನನ್ನ ಫೋನಿಗೆ ಕರೆ ಮಾಡಿದ್ದ. ನಾನು ಬಾಯಿಗೆ ಬಂದ ಹಾಗೆ ಬೈದೆ. ಅವನು ಹೆಂಡತಿ ಹೇಗಿದ್ದಾಳೆ ಅಂತಲೂ ಕೇಳಲಿಲ್ಲ. ಕೇಳಿದ್ದು ಒಂದೇ, ಪಿಸುದನಿಯಲ್ಲಿ...

"ಅಕ್ಕಾ, ಅಮ್ಮನ ಕೈಯಲ್ಲಿ ನೀಲಿ ಪಟ್ಟೆಯ ಬಟ್ಟೆ ಚೂರು ಯಾಕಿತ್ತು?"

ಮುದುಕಿಯ ಹೆಣ ತೊಳೆದದ್ದು ನಾನು. ಮೊಹಿರಾ, ತಹ್ಮಿನಾ ಇಬ್ಬರೂ ಹೊರಗೆ ನೀರು ಕಾಯಿಸ್ತಿದ್ರು. ಒಳಗೆ ಇದ್ದದ್ದು ನಾನೊಬ್ಬಳೇ. ಬಾಯಿ ತೆರೆದೇ ಇತ್ತು, ದವಡೆಗೆ ಕಟ್ಟೋಕೆ ಬಿಳಿ ಬಟ್ಟೆ ಕೈಗೆ ಸಿಗಲಿಲ್ಲ ಅಂತ ನನ್ನ ತಲೆವಸ್ತ್ರದ ಅಂಚು ಹರಿದು ಕಟ್ಟಿದ್ದೆ. ನೀಲಿ ಪಟ್ಟೇದು. ಅದರ ಮೇಲೆ ಹೆಣದ ಬಟ್ಟೆ, ಕಫನ್, ಸುತ್ತಿದ್ದೂ ನಾನೇ, ಯಾರಿಗೂ ಹೇಳಿರಲಿಲ್ಲ. ಬಿಗಿಯಾಗಿ ಕಟ್ಟಿದ್ದೆ ಕಣ್ರೇ... ದೇವರಾಣೆಗೂ, ಎರಡೆರಡು ಗಂಟು ಹಾಕಿದ್ದೆ.