ಚಿತ್ರದ ಹುಡುಗಿ, ಕಾಗದದ ಹುಡುಗಿ

ಅಧ್ಯಕ್ಷ ಪೀಠದಲ್ಲಿರುವ ವಾರ್ಡ್ ಅಧ್ಯಕ್ಷರಾದ ಹಸ್ತಬೀರ್ ರೋಕಾ ಅವರೇ, ಏಳು ಸಮುದ್ರ ದಾಟಿ, ಕೊನೆಗೆ ನಮ್ಮ ತೂಗುಸೇತುವೆಯನ್ನೂ ದಾಟಿ ಡೆನ್ಮಾರ್ಕಿನಿಂದ ಬಂದಿರುವ ಇಂಗೆಬೊರ್ಗ್ ಅಮ್ಮನವರೇ, ಅವರ ಕಿವಿಗೆ ನಮ್ಮ ಮಾತು ಮುಟ್ಟಿಸುತ್ತಿರುವ ದುಭಾಷಿ ತಿಲ್‌ಬಿಕ್ರಮ್ ಅವರೇ, ಮುಂದಿನ ಸಾಲಿನ ಗಣ್ಯರೇ, ಹಿಂದಿನ ಸಾಲಿನ ಪುಣ್ಯವಂತರೇ, ಸಭಿಕರೇ,

ಶಾಲೆಯ ವಾರ್ಷಿಕೋತ್ಸವದಲ್ಲಿ ಮುಖ್ಯೋಪಾಧ್ಯಾಯನಾದವನು ಕಡೆಗೆ ಮಾತಾಡಬೇಕು, ಕಡಿಮೆ ಮಾತಾಡಬೇಕು. ಇವತ್ತು ನನ್ನ ಪಾಲಿಗೆ ಬಂದಿರುವ ಕೆಲಸವೂ ಒಂದೇ. ಅಮ್ಮನವರು ದೂರದಿಂದಲೇ ಹಣ ಕಳಿಸಿ ಒಂಬತ್ತು ವರ್ಷ ಓದಿಸಿದ ಸುಂತಲಿ ಬುಢಾಳನ್ನು ವೇದಿಕೆಗೆ ಕರೆಯುವುದು. ಒಂದು ಹೆಸರು ಕರೆಯಲು ಎಷ್ಟು ಹೊತ್ತು ಬೇಕು? ಆದರೆ ಬೆಳಗಿನಿಂದ ಆ ಹೆಸರು ನನ್ನ ಬಾಯಿಗೆ ಬರುತ್ತಿಲ್ಲ.

ಆ ಹಣ ತಲುಪಿಸುವ ನೆರವಿನ ಸಂಸ್ಥೆಯ ಛಾಯಾಗ್ರಾಹಕರು, ಓದುವ ಮಗುವಿನ ಚಿತ್ರ ತೆಗೆದು ಕಳಿಸಲು ವರ್ಷಕ್ಕೊಮ್ಮೆ ಬರುತ್ತಾರೆ. ಯಾವಾಗ? ದಾರಿ ಒಣಗಿರುವ ಜ್ಯೇಷ್ಠ ಮಾಸದಲ್ಲಿ. ಜ್ಯೇಷ್ಠದಲ್ಲಿ ನಮ್ಮೂರು ಎಲ್ಲಿರುತ್ತದೆ? ಮೇಲಿನ ಹುಲ್ಲುಗಾವಲಿನಲ್ಲಿ, ಮಂಡಿಯೂರಿ ನೆಲ ನೋಡುತ್ತ, ಹುಳುವೋ ಹುಲ್ಲೋ ತಿಳಿಯದ, ಔಷಧಿಗೆಂದು ಚಿನ್ನದ ಬೆಲೆಗೆ ಹೋಗುವ ಯಾರ್ಸಾ ಕೀಳುತ್ತ. ಮಕ್ಕಳ ಕಣ್ಣು ಚುರುಕು, ಆದ್ದರಿಂದ ಮಕ್ಕಳು ಮೊದಲು ಹೋಗುತ್ತಾರೆ. ಕೆಲವು ವರ್ಷ ಮೇಷ್ಟ್ರುಗಳೂ... ಅದಿರಲಿ. ತಿಲ್‌ಬಿಕ್ರಮ್ ಅವರೇ, ಅದನ್ನು ಅನುವಾದಿಸಬೇಕಿಲ್ಲ.

ಮೊದಲ ವರ್ಷ ಅವರು ಕ್ಯಾಮೆರಾ ಹೊತ್ತು ಬಂದಾಗ ಶಾಲೆ ಖಾಲಿ, ಬೆಂಚು ಖಾಲಿ, ಮೂಲೆಯಲ್ಲೊಬ್ಬಳೇ ಜುರೆಲಿ. ಪ್ರಾಸಕ್ಕಾಗಿ ಹೇಳುತ್ತಿಲ್ಲ, ನಿಜವಾಗಿ ಅಷ್ಟೇ ಇದ್ದದ್ದು. ಜುರೆಲಿ ಘರ್ತಿ ಮೂರು ವರ್ಷದವಳಿದ್ದಾಗ ಬಂಡೆಯಿಂದ ಬಿದ್ದಳು. ಬಲಗಾಲು ಸೊಟ್ಟ, ಬೆಟ್ಟ ಹತ್ತಲಾರಳು. ಸುಂತಲಿಯೋ ಎರಡು ದಿನದ ದಾರಿಯಾಚೆ. ಚಿತ್ರವಿಲ್ಲದಿದ್ದರೆ ನೆರವು ನಿಲ್ಲುತ್ತದೆ ಎಂದರು. ನಾನು ಸುಂತಲಿಯ ಸ್ವೆಟರನ್ನು ಜುರೆಲಿಗೆ ತೊಡಿಸಿ ಕುರ್ಚಿಯಲ್ಲಿ ಕೂರಿಸಿದೆ. ಒಂದು ವರ್ಷದ ಮಾತು ಅಂದುಕೊಂಡೆ. ಆದರೆ ಮರುವರ್ಷ ಬೇರೆ ಮುಖ ಕಳಿಸಲು ಬರುತ್ತದೆಯೇ? ಹೀಗೆ ಒಂಬತ್ತು ವರ್ಷ ಅಮ್ಮನವರಿಗೆ ಕಾಗದ ಬರೆದವಳು ಸುಂತಲಿ, ಚಿತ್ರದಲ್ಲಿ ನಕ್ಕವಳು ಜುರೆಲಿ. ನೆರವಿಲ್ಲದ ಜುರೆಲಿ ಐದನೆಯ ತರಗತಿಗೇ ಶಾಲೆ ಬಿಟ್ಟಳು. ಜ್ಯೇಷ್ಠದಲ್ಲಿ ಮಾತ್ರ ತಪ್ಪದೆ ಬಂದು, ನಕ್ಕು, ಸ್ವೆಟರ್ ಮಡಿಸಿಟ್ಟು ಹೋಗುತ್ತಿದ್ದಳು.

ಇವತ್ತು ಬೆಳಿಗ್ಗೆ ಅಮ್ಮನವರು ಬಂದರು. ಬಾಗಿಲಲ್ಲಿ ಚೆಂಡುಹೂ ಪೋಣಿಸುತ್ತ ಕೂತಿದ್ದ ಜುರೆಲಿಯನ್ನು ನೋಡಿದವರೇ ಓಡಿಹೋಗಿ ತಬ್ಬಿಕೊಂಡರು. ಜುರೆಲಿ ಎದ್ದು ಎರಡು ಹೆಜ್ಜೆ ನಡೆದಳು. ಅಮ್ಮನವರ ಕಣ್ಣು ಅವಳ ಕಾಲಿಗೆ ಇಳಿಯಿತು. "ಇಷ್ಟು ಕಾಗದ ಬರೆದೆ, ಕಾಲಿನ ಮಾತು ಒಂದೂ ಬರೀಲಿಲ್ವಲ್ಲ ಮಗಳೇ! ಓಟದಲ್ಲಿ ಮೊದಲ ಬಹುಮಾನ ಬಂತು ಅಂತ ಬರೆದಿದ್ದೆಯಲ್ಲ!" ಎಂದರು. ಆ ಬಹುಮಾನ ಸುಂತಲಿಗೆ ಬಂದದ್ದು ನಿಜ, ಸಭಿಕರೇ. ನಮ್ಮ ಶಾಲೆಯ ಕಾಗದಗಳಲ್ಲಿ ಸುಳ್ಳಿಲ್ಲ. ಆಮೇಲೆ ಅಮ್ಮನವರು ಹೇಳಿದರು: ಸುಂತಲಿಯನ್ನು ನಾಳೆಯೇ ಕಾಠ್ಮಂಡುವಿಗೆ ಕರೆದೊಯ್ಯುತ್ತೇನೆ, ಕಾಲು ಸರಿಮಾಡಿಸಿಯೇ ನನ್ನ ದೇಶಕ್ಕೆ ಹೋಗುತ್ತೇನೆ.

ನಾನು ಇಬ್ಬರು ಹುಡುಗಿಯರನ್ನೂ ಉಗ್ರಾಣದ ಕೋಣೆಗೆ ಕರೆದೆ.

"ಸರ್, ನೀವು ಬಾಯ್ಮುಚ್ಕೊಂಡಿರಿ" ಎಂದಳು ಸುಂತಲಿ. ಗುರುವಿಗೆ! "ನನ್ ಓದು ಮುಗೀತು. ಅವಳ ಕಾಲು ನೆಟ್ಟಗಾಗೋವರ್ಗೂ ಅವಳೇ ಸುಂತಲಿ."

"ಲೇ ಕತ್ತೆ," ಎಂದಳು ಜುರೆಲಿ, "ವರ್ಷಕ್ಕೊಂದಿನ ನಿನ್ ಸ್ವೆಟರ್ ಹಾಕ್ಕೊಂಡ್ರೇ ಮೈ ಕಡೀತಿತ್ತು. ಹೆಸರು ಹೊದ್ಕೊಂಡು ಆಸ್ಪತ್ರೇಲಿ ಮಲಗ್ಲಾ? ಅಲ್ಲಿ ನಾನು ಸತ್ರೆ ನಿಮ್ಮಪ್ಪ ನಿನ್ ತಿಥಿ ಮಾಡ್ಬೇಕು. ಸರ್, ನಿಜ ಹೇಳ್ಬಿಡಿ."

"ಹೇಳಿದ್ರೆ ಅವರು ಹೊರಟೇ ಹೋಗ್ತಾರೆ. ನಿನ್ ಕಾಲು?"

"ಇಷ್ಟು ವರ್ಷ ನನ್ ಜೊತೇಲೇ ಇದೆ. ಇನ್ನೆಲ್ಲಿಗ್ ಹೋಗುತ್ತೆ?"

ಸಭಿಕರೇ, ಯಾರ ಮಾತು ಕೇಳಲಿ? ನಿಜ ಹೇಳಿದರೆ ಒಬ್ಬಳ ಕಾಲು ಹೋಗುತ್ತದೆ. ಹೇಳದಿದ್ದರೆ ಒಬ್ಬಳ ಹೆಸರು ಹೋಗುತ್ತದೆ. ಏನೂ ಹೇಳುವುದು ಬೇಡ, ಸುಮ್ಮನೆ ಸ್ವಾಗತ ಕೋರಿ ಕೂತುಬಿಡೋಣ ಎಂದುಕೊಂಡೇ ಎದ್ದೆ. ಎದ್ದ ಮೇಲೆ ಎಲ್ಲವನ್ನೂ ಹೇಳಿಬಿಟ್ಟೆನಲ್ಲ! ತಿಲ್‌ಬಿಕ್ರಮ್ ಅವರೇ, ನೀವೇಕೆ ನಿಲ್ಲಿಸಿದಿರಿ? ಅನುವಾದಿಸಿ. ಸ್ವೆಟರಿನದ್ದೂ ಹೇಳಿ. ತೊಡಿಸಿದ ಕೈ ನನ್ನದು, ಹುಡುಗಿಯರದ್ದಲ್ಲ ಎಂದೂ ಹೇಳಿ. ನಾವು ಕಾಯುತ್ತೇವೆ.

...ಮುಗಿಯಿತೇ?

ಅಮ್ಮನವರು ಎದ್ದರು. ಅಧ್ಯಕ್ಷರೇ, ದಯವಿಟ್ಟು ತಡೆಯಬೇಡಿ. ಮೆಟ್ಟಿಲು ಇಳಿಯುತ್ತಿದ್ದಾರೆ. ಬಾಗಿಲ ಕಡೆಗೆ... ಅಲ್ಲ, ಹಿಂದಿನ ಸಾಲಿಗೆ, ಹುಡುಗಿಯರಿಬ್ಬರೂ ಕೂತಿರುವಲ್ಲಿಗೆ. ಸುಂತಲಿಯ ಕೆನ್ನೆ ಹಿಡಿದು ನೋಡುತ್ತಿದ್ದಾರೆ. ಒಂಬತ್ತು ವರ್ಷದ ಕಾಗದಕ್ಕೆ ಇವತ್ತು ಮುಖ ಹುಡುಕುತ್ತಿದ್ದಾರೆ. ಈಗ ನೆಲದ ಮೇಲೆ ಮಂಡಿಯೂರಿ ಕೂತರು. ಜುರೆಲಿಯ ಸೊಟ್ಟ ಪಾದವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಾರೆ.

ನಮ್ಮಲ್ಲಿ ಹೆಣ್ಣುಮಗಳ ಪಾದ ಮುಟ್ಟಿ ನಮಸ್ಕರಿಸುವವರು ಅವಳ ತವರಿನವರು ಮಾತ್ರ, ಮನೆಯ ಮಗಳೆಂದು. ಇದು ಅವರಿಗೆ ಗೊತ್ತೋ, ಬರೀ ಮೂಳೆ ನೋಡುತ್ತಿದ್ದಾರೋ, ನನಗೆ ತಿಳಿಯುತ್ತಿಲ್ಲ. ತಿಲ್‌ಬಿಕ್ರಮ್ ಅವರೇ, ಕೇಳಬೇಡಿ. ಹಾಗೇ ಇರಲಿ.

ಇಷ್ಟು ಹೊತ್ತು ನನ್ನ ಗೊಂದಲಕ್ಕೆ ಕಿವಿಗೊಟ್ಟ ನಿಮಗೆಲ್ಲ ಋಣಿ. ನಮಸ್ಕಾರ.