ಒಂದೇ ಉಸಿರಿನ ಎಣಿಕೆ

ಇದು ಕರಜಗಿಯ ಕಲ್ಲಣ್ಣನಿಗೆ ಆದದ್ದು. ನನ್ನ ಸೋದರತ್ತೆಯ ಮಗ. ನಂಬದವರು ಎದ್ದು ಹೋಗಬಹುದು... ಕಂದೀಲು ಮಾತ್ರ ಇಲ್ಲೇ ಇರಲಿ.

ಎಪ್ಪತ್ನಾಲ್ಕನೇ ಇಸವಿ. ಅವನ ಅಣ್ಣ ಸಾತಲಿಂಗಪ್ಪನ ಕೈಕಾಲು ಸೊರಗಿ, ನಾಲಗೆ ತೊದಲಿ, ರೋಗ ಈಗ ಉಸಿರಿಗೆ ಬಂದಿತ್ತು. ಸೊಲ್ಲಾಪುರದ ಡಾಕ್ಟರು ಹೇಳಿದ್ದರು: ದಿನಾ ಸಂಜೆ ಒಂದೇ ಉಸಿರಿನಲ್ಲಿ ಎಣಿಸಲಿ, ಬರೆದಿಡಿ. ಹತ್ತಕ್ಕಿಂತ ಕೆಳಗಿಳಿದರೆ ಬೆಳಗಾಗುವವರೆಗೆ ಕಾಯಬೇಡಿ, ಕರೆತನ್ನಿ.

ಸಾತಲಿಂಗಪ್ಪ ಊರವರ ರಾಶಿ ಅಳೆದ ಮನುಷ್ಯ. ಅಳೆಯುವವರು ‘ಒಂದು’ ಅನ್ನುವುದಿಲ್ಲ, ‘ಲಾಭ’ ಅನ್ನುತ್ತಾರೆ. ಲೆಕ್ಕ ತಪ್ಪದಂತೆ ಅಳತೆಗೊಂದು ಹಿಡಿ ಕಾಳು ಪಕ್ಕಕ್ಕೆ ಇಡುತ್ತಾ ಹೋಗುತ್ತಿದ್ದ. ಉಸಿರನ್ನೂ ‘ಲಾಭ’ದಿಂದಲೇ ಎಣಿಸುತ್ತಿದ್ದ.

ಆ ರಾತ್ರಿ ಕಲ್ಲಣ್ಣ ಅಕ್ಕಲಕೋಟದಿಂದ ಕೊನೆಯ ಎಸ್‌ಟಿ ಬಸ್ಸಿಗೆ ಬಂದಿಳಿದು ಹೊಲದ ದಾರಿ ಹಿಡಿದ. ದಾರಿ ಪಕ್ಕದ ಬಾವಿಯಲ್ಲಿ ನೀರು ಸೇದುವ ಗಾಲಿ ಕಿರ್ರ್... ಅಂತು. ಗಾಳಿಯೇ ಇರಲಿಲ್ಲ. ಆಮೇಲೆ ಬಾವಿಯ ಒಳಗಿಂದ ದನಿ.

“ಲಾಭ... ಎರಡು... ಮೂರು...”

ಅಣ್ಣನದೇ! ತೊದಲಿಲ್ಲದ, ರೋಗಕ್ಕೆ ಮುಂಚಿನ ದನಿ.

“ಏಳು... ಎಂಟು...”

ನಿಂತಿತು. ಕೆಳಗೆ ನೀರು ಗುಳುಕ್ ಅಂತು. ಕಲ್ಲಣ್ಣ ಚಪ್ಪಲಿ ಅಲ್ಲೇ ಬಿಟ್ಟು ಓಡಿದ.

ಮನೆಯಲ್ಲಿ ಅತ್ತಿಗೆ ನೀಲಾಬಾಯಿ ಅಣ್ಣನನ್ನು ಅಂಗಾತ ಮಲಗಿಸಲು ಬೆನ್ನ ಹಿಂದಿನ ದಿಂಬು ತೆಗೆಯುತ್ತಿದ್ದಳು.

“ವೈನಿ, ಇವತ್ತ ಎಷ್ಟಾತು?”

“ಇಪ್ಪತ್ತ. ಸಣ್ಣಗ ಮಾತಾಡು...”

“ಅಣ್ಣಾ, ಇನ್ನೊಮ್ಮಿ ಎಣಸು.”

ಕಲ್ಲಣ್ಣ ಅವನ ಎದೆಯ ಮೇಲೆ ಅಂಗೈ ಇಟ್ಟ. ತೊದಲುತ್ತ ಎಣಿಕೆ ನಡೆಯಿತು. ಎಂಟಾದ ಮೇಲೆ ಅಂಗೈ ಕೆಳಗೆ ಎದೆ ಮೆಲ್ಲಗೆ ಉಬ್ಬಿತು. ನಡುವೆ ಎಳೆದ ಕಳ್ಳ ಉಸಿರು!

“ನಿಮಗ ಗೊತ್ತಿತ್ತೇನ್ರಿ ವೈನಿ?”

ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. “ಸೊಲ್ಲಾಪುರಕ ಹೋದ್ರ ಹೊಳ್ಳಿ ಬರಂಗಿಲ್ಲಂತ ಅಂಜ್ಯಾರ. ಯಾರಿಗೂ ಹೇಳಬ್ಯಾಡಂತ ಆಣಿ ಹಾಕಿದ್ರು...”

ಊರಲ್ಲಿದ್ದ ಲಾರಿಯ ಡ್ರೈವರನನ್ನು ಎಬ್ಬಿಸಿದರು. ಸೊಲ್ಲಾಪುರದ ತನಕ ಕಲ್ಲಣ್ಣ ಅಣ್ಣನನ್ನು ಹಿಂದಿನಿಂದ ತಬ್ಬಿ ಕೂರಿಸಿಕೊಂಡೇ ಹೋದ. ಅವತ್ತು ಅಂಗಾತ ಮಲಗಿಸಿದ್ದರೆ ಏಳುತ್ತಿರಲಿಲ್ಲ ಅಂದರು ಡಾಕ್ಟರು. ಸಾತಲಿಂಗಪ್ಪ ಮನೆಗೂ ಬಂದ, ಮತ್ತೆ ಹನ್ನೊಂದು ತಿಂಗಳು ಬದುಕಿದ.

ಮೂರನೇ ದಿನ ಕಲ್ಲಣ್ಣ ಚಪ್ಪಲಿ ತರಲು ಬಾವಿಗೆ ಹೋದ. ಒಬ್ಬನೇ ಹೋಗಲು ಧೈರ್ಯ ಸಾಲದೆ ನನ್ನನ್ನೂ ಎಳೆದುಕೊಂಡು ಹೋಗಿದ್ದ. ಅದಕ್ಕೇ ಹೇಳುತ್ತೇನೆ, ಇದು ಸುಳ್ಳಲ್ಲ. ಚಪ್ಪಲಿ ಬಿಟ್ಟಲ್ಲೇ ಇದ್ದವು. ಪಕ್ಕದ ಕಟ್ಟೆಯ ಮೇಲೆ ಜೋಳ... ಸಾಲಾಗಿ, ಹಿಡಿ ಹಿಡಿ. ನಾನೇ ಎಣಿಸಿದೆ. ಎಂಟು ಇದ್ದವು. ಒಂದು ಹಕ್ಕಿಯೂ ಮುಟ್ಟಿರಲಿಲ್ಲ.