ಸೆಂಟ್ರಿಂಗ್ ಬಿಚ್ಚಿದ ಹಲ್ಲು

ನೋಡಿ, ಒಂದೂರಲ್ಲಿ ಒಬ್ಬ ಶ್ರೀಮಂತ ಇದ್ದ, ಮನೆ ಕಟ್ಟಿಸಿ ಕಟ್ಟಿಸಿಯೇ ಶ್ರೀಮಂತ ಆದವನು. ತಾರಸಿ ಹಾಕಿ ಇಪ್ಪತ್ತೊಂದು ದಿನ ತುಂಬದೆ ಯಾರಾದರೂ ಅದನ್ನು ಕೆಳಗಿಂದ ಹೊತ್ತಿರೋ ಸೆಂಟ್ರಿಂಗ್ ಹಲಗೆ ಬಿಚ್ಚೋಕೆ ಕೈ ಇಟ್ಟರೆ, ಅವನ ಬಾಯಿಂದ ಬರೋ ಮಾತು ಇಲ್ಲಿ ಹೇಳೋ ಹಾಗಿಲ್ಲ. ಹೆಣ್ಣುಮಕ್ಕಳು ಕೂತಿದ್ದೀರಿ.

ಅಂಥವನಿಗೆ ಒಂದು ದವಡೆ ಹಲ್ಲು ಹೋಯ್ತು. ಮೂವತ್ತು ವರ್ಷ ಸಿಗರೇಟು ಸೇದಿದ ಬಾಯಿ, ಹೋಗದೆ ಇರುತ್ತಾ? ಹಲ್ಲಿನ ಡಾಕ್ಟರಮ್ಮ ದವಡೆ ಮೂಳೆಗೆ ಒಂದು ಸಣ್ಣ ಸ್ಕ್ರೂ ಕೂರಿಸಿ ಹೇಳಿದರು: ಮೂಳೆ ಗಟ್ಟಿ ಇರೋ ಕೆಲವರಿಗೆ ಬೇಗ ಹಲ್ಲು ಕಟ್ಟಬಹುದು, ನಿಮ್ಮದು ಹಾಗಿಲ್ಲ. ಮೂಳೆ ಬೆಳೆದು ಸ್ಕ್ರೂ ಹಿಡ್ಕೊಳ್ಳೋಕೆ ನಾಲ್ಕು ತಿಂಗಳು ಬೇಕು. ಅಲ್ಲಿವರೆಗೆ ಅದರ ಮೇಲೆ ಭಾರ ಬೀಳಬಾರದು, ಸಿಗರೇಟಂತೂ ಮುಟ್ಟಲೇಬಾರದು.

ತಲೆ ಆಡಿಸಿದ. ಬಿಟ್ಟನಾ? ಸ್ಕ್ರೂ ಎಡಗಡೆ ಇದೆ ಅಂತ ಬಲಗಡೆಯಿಂದ ಸೇದಿದ. ನಗಬೇಡಿ. ಒಲೆ ಒಂದು ಮೂಲೆಯಲ್ಲಿದ್ದರೆ ಹೊಗೆ ಅದೇ ಮೂಲೆಯಲ್ಲಿ ಕೂತಿರುತ್ತಾ?

ಅಷ್ಟರಲ್ಲಿ ಮಗಳ ಮದುವೆ ಆಗಿ ಬೀಗರ ಊಟ ಬಂತು. ಗೊತ್ತಲ್ಲ, ಎಲೆ ತುಂಬ ಮಟನ್ ಸುರಿದು, ಮುಗಿಸೋವರೆಗೂ ಬೀಗನ್ನ ಏಳೋಕೆ ಬಿಡಲ್ಲ. ಹೆಂಡತಿ ಹೇಳಿದಳು, ಮುದ್ದೆ ನುಂಗಿ ಸಾರು ಕುಡೀರಿ, ಮುದ್ದೆಗೆ ಹಲ್ಲು ಯಾಕೆ ಅಂತ. ಬೀಗರ ಮುಂದೆ ಮರ್ಯಾದೆ ಹೋಗುತ್ತಲ್ಲ! ಸ್ಕ್ರೂ ಕೂರಿಸಿ ಇನ್ನೂ ಒಂದು ತಿಂಗಳಾಗಿತ್ತು ಅಷ್ಟೆ. ಬೇರೆ ಊರಿನ ಡಾಕ್ಟರ ಹತ್ತಿರ ಹೋಗಿ, ಸ್ಕ್ರೂ ಹಾಕಿಸಿ ಐದು ತಿಂಗಳಾಯ್ತು, ಸಿಗರೇಟು ನಾನು ಕಂಡೇ ಇಲ್ಲ ಅಂತ ಹೇಳಿ ಹಲ್ಲು ಕಟ್ಟಿಸಿಕೊಂಡ.

ಪಂಕ್ತಿ ಕೂತಿತು. ಬೀಗ ಸುರಿದ, ಇವನು ಕಡಿದ. ಹಲ್ಲು, ಸ್ಕ್ರೂ, ಎರಡೂ ಒಟ್ಟಿಗೆ ಎಲೆ ಮೇಲೆ. ಬೀಗ ಬಗ್ಗಿ ನೋಡಿದ.

"ಇದು ಯಾವ ಭಾಗದ ಮೂಳೆ ಬೀಗ್ರೇ? ನಮ್ಮ ಕುರಿಗೆ ಸ್ಕ್ರೂ ಇರಲಿಲ್ಲ."

ಪಕ್ಕದ ಎಲೆಯಿಂದ ಹೆಂಡತಿ ಅಂದಳು, "ಕಂಡೋರ ತಾರಸಿಗೆ ಇಪ್ಪತ್ತೊಂದು ದಿನ ಕಾಯ್ತೀರಿ. ನಿಮ್ಮ ದವಡೆ ಸೆಂಟ್ರಿಂಗ್ ಯಾಕ್ರೀ ಬಿಚ್ಚಿದ್ರಿ?"

ಚಪ್ಪರಕ್ಕೆ ಚಪ್ಪರವೇ ನಕ್ಕಿತು. ಕೊನೆಗೆ ಅವನೂ ನಕ್ಕ.

ಮಾರನೇ ದಿನ ಮೊದಲಿನ ಡಾಕ್ಟರಮ್ಮನ ಹತ್ತಿರ ಹೋದರೆ, ಅವರು ಬೈಯಲಿಲ್ಲ. ಸೇದಿದ್ರಾ ಅಂತ ಒಂದೇ ಮಾತು ಕೇಳಿದರು. ಸೇದಿದೆ ಅಂದ, ಮೊದಲ ಸಲ ನಿಜ. ಆಗ ಆಯಮ್ಮ, "ತಾರಸಿ ಗಟ್ಟಿಯಾಗಲಿ ಅಂತ ನೀರು ಬಿಡ್ತೀರಲ್ಲ, ಮೂಳೆಗೆ ರಕ್ತವೇ ಆ ನೀರು. ಸಿಗರೇಟು ಆ ಪೈಪು ಹಿಚುಕುತ್ತೆ" ಅಂದರು. ಕಟ್ಟಡದ ಮಾತು, ಅವನ ತಲೆಗೆ ಹೋಯ್ತು. ಸಿಗರೇಟು ಬಿಟ್ಟ. ಗಾಯ ಮಾಯೋವರೆಗೆ ಕಾದ, ಮತ್ತೆ ಸ್ಕ್ರೂ ಹಾಕಿಸಿದ, ಮತ್ತೆ ಕಾದ. ಮೊಮ್ಮಗಳ ನಾಮಕರಣದಲ್ಲಿ ಅದೇ ಬೀಗನ ಪಕ್ಕ ಕೂತು, ಎರಡನೇ ಸಲ ಬಡಿಸಿದ್ದನ್ನೂ ಖಾಲಿ ಮಾಡಿದ.

ಈಗ ನಿಮ್ಮ ಕಡೆ ಬರ್ತೀನಿ. ಬೀಗನಿಗೆ ಹೆದರಿ ಡಾಕ್ಟರಿಗೆ ಸುಳ್ಳು ಹೇಳ್ತೀರಲ್ಲ, ಸ್ಕ್ರೂ ಇರೋದು ಯಾರ ಬಾಯಲ್ಲಿ? ಡಾಕ್ಟರ ಬಾಯಲ್ಲಾ? ಮೈಯೆಲ್ಲ ಉರಿಯುತ್ತೆ ನನಗೆ! ಸೇದಿದ್ದರೆ ಸೇದಿದೆ ಅನ್ನಿ. ಹಲ್ಲು ಹಾಕಿಸೋ ಮೊದಲೇ ಸಿಗರೇಟು ಬಿಡಿ, ಹಾಕಿಸಿದ ಮೇಲೂ ಮುಟ್ಟಬೇಡಿ. ಡಾಕ್ಟರು ಕಡೀರಿ ಅನ್ನೋವರೆಗೂ ಕಡೀಬೇಡಿ, ಬೀಗರಲ್ಲ, ದೇವರೇ ಬಂದು ಬಡಿಸಲಿ, ಮುದ್ದೆ ನುಂಗಿ.

ಹಿಂದಿನ ಸಾಲಿನವರೇ, ಆಗಲೇ ಜೇಬು ಸವರ್ತಾ ಇದ್ದೀರಿ, ಕಂಡಿದ್ದೀನಿ. ಆ ಸಿಗರೇಟು ಪ್ಯಾಕೆಟ್ಟು ನಾನು ನಿಂತಿರೋ ಈ ಮೆಟ್ಟಿಲ ಮೇಲೆ ಇಟ್ಟು, ಬರಿಗೈಲಿ ಮನೆಗೆ ಹೋಗಿ.